ಹಳೇ ಸ್ಕ್ರಿಪ್ಟಿನ ಡಿಎಫ್ ಸಾಲನ್ನು ಸರಿಪಡಿಸುವುದು ಹೇಗೆ?

ಡಿಎಫ್ (df) ಎಂದರೆ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ ಕಮಾಂಡ್. ಡಿಸ್ಕ್ ತುಂಬುವ ಮುಂಚೆ ಮೇಲ್ ಕಳಿಸಬೇಕಾದ ಸ್ಕ್ರಿಪ್ಟು, ತುಂಬಿ ಸರ್ವರ್ ನಿಂತರೂ ಸುಮ್ಮನಿದ್ದದ್ದನ್ನು ಹಲವು ಸಲ ನೋಡಿದ್ದೇನೆ. ಹೆಚ್ಚಿನ ಸಲ ಎಡವಟ್ಟು ಆದದ್ದು ಡಿಎಫ್‌ನ ಹಳೇ ಆಪ್ಷನ್ ತೆಗೆದು ಹೊಸದು ಹಾಕುವಾಗ.

1. ಕ್ರಾನ್‌ಟ್ಯಾಬ್ (ನಿಗದಿತ ಹೊತ್ತಿಗೆ ಓಡುವ ಕಮಾಂಡುಗಳ ಪಟ್ಟಿ) ಮತ್ತು ಸ್ಕ್ರಿಪ್ಟುಗಳಲ್ಲಿ ‘df’ ಇರುವ ಸಾಲುಗಳನ್ನು ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಹುಡುಕಿ.

2. ಆಪ್ಷನ್ನಿನ ಅಕ್ಷರ ನೋಡಿ. ಲಿನಕ್ಸಿನ ಗ್ನೂ ಡಿಎಫ್‌ನಲ್ಲಿ ಸ್ಮಾಲ್ ‘-ಎಂ’ ಕೊಟ್ಟರೆ ಲೆಕ್ಕ ಮೆಗಾಬೈಟಿನಲ್ಲಿ ಬರುತ್ತದೆ. ಆದರೆ ಹೆಲ್ಪ್ ಪಟ್ಟಿಯಲ್ಲಿ ಅದರ ಸುಳಿವಿಲ್ಲ. ‘ಬಳಕೆ ತಪ್ಪುತ್ತಿದೆ, ಬಿಎಸ್‌ಡಿ (ಇನ್ನೊಂದು ಯುನಿಕ್ಸ್ ಬಗೆ) ಹೊಂದಾಣಿಕೆಗಾಗಿ ಇದೆ’ ಎಂಬರ್ಥದ ಟಿಪ್ಪಣಿ ಸೋರ್ಸ್ ಕೋಡಿನಲ್ಲಷ್ಟೇ ಇದೆ. ಫೈಲ್‌ಸಿಸ್ಟಂ ಬಗೆ ಆರಿಸುವ ಕ್ಯಾಪಿಟಲ್ ‘-ಎಫ್’ ಸೋಲಾರಿಸ್ ಎಂಬ ಯುನಿಕ್ಸ್‌ನಿಂದ ಬಂದವರಿಗಾಗಿ ಇಟ್ಟದ್ದು; ಅದರ ಬದಲು ಸ್ಮಾಲ್ ‘-ಟಿ’ ಬರೆಯಿರಿ. ಸ್ಮಾಲ್ ‘-ವಿ’ ಏನೂ ಮಾಡುವುದಿಲ್ಲ, ಅಳಿಸಿಬಿಡಿ. ಫೋಲ್ಡರುಗಳ ಗಾತ್ರ ತೋರಿಸುವ ‘ಡಿಯು’ ಕಮಾಂಡಿನ ‘-ಎಂ’ ಹೆಲ್ಪ್‌ನಲ್ಲೇ ಇದೆ, ಅದನ್ನು ಮುಟ್ಟಬೇಡಿ.

3. ಈಗ ‘-ಎಂ’ ಬದಲಿಸಿ. ಎಲ್ಲರೂ ಎಡವುವುದು ಇಲ್ಲೇ. ಬಹಳ ಜನ ಕ್ಯಾಪಿಟಲ್‌ನಲ್ಲಿ ‘-ಬಿಎಂ’ ಎಂದು ಬರೆಯುತ್ತಾರೆ. ಆಗ 900 ಎಂದು ಬರುತ್ತಿದ್ದ ಜಾಗದಲ್ಲಿ ‘900ಎಂ’ ಬರುತ್ತದೆ. ಸ್ಕ್ರಿಪ್ಟಿನಲ್ಲಿ ಕಾಲಂ ಓದಿ ಹೋಲಿಸುವ ಆಕ್ (awk) ಅದನ್ನು ಸಂಖ್ಯೆ ಎಂದು ತಿಳಿಯದೆ ಅಕ್ಷರಗಳಂತೆ ಹೋಲಿಸುತ್ತದೆ. ಉಳಿದ ಜಾಗ 2000ಕ್ಕಿಂತ ಕಡಿಮೆಯೇ ಎಂದು ಕೇಳಿದರೆ, ಮೊದಲ ಅಕ್ಷರ 9 ಎಂಬುದು 2ಕ್ಕಿಂತ ದೊಡ್ಡದೆಂದು ‘ಅಲ್ಲ’ ಎನ್ನುತ್ತದೆ. ಮೇಲ್ ಹೋಗುವುದೇ ಇಲ್ಲ, ಎರರ್ ಕೂಡ ಕಾಣುವುದಿಲ್ಲ. ‘-ಬಿ1ಎಂ’ ಎಂದು ನಡುವೆ 1 ಸೇರಿಸಿದರೆ ಬರೀ ಸಂಖ್ಯೆ ಬರುತ್ತದೆ. ‘-ಬಿ1ಎಂಬಿ’ ಎಂದರೆ ಮತ್ತೆ ಲೆಕ್ಕ ತಪ್ಪುತ್ತದೆ: 1 ಎಂ ಎಂದರೆ 10,48,576 ಬೈಟ್, 1 ಎಂಬಿ ಎಂದರೆ ಸರಿಯಾಗಿ 10,00,000.

ನಾನಂತೂ ಇವ್ಯಾವನ್ನೂ ಹಾಕುವುದಿಲ್ಲ. ಕ್ಯಾಪಿಟಲ್ ‘-ಪಿ’, ಸ್ಮಾಲ್ ‘-ಕೆ’ ಎರಡನ್ನೂ ಕೊಟ್ಟು, ಬಂದದ್ದನ್ನು 1024ರಿಂದ ಭಾಗಿಸಿ. ಎರಡೂ ಯುನಿಕ್ಸ್ ಬಗೆಯ ಸಿಸ್ಟಂಗಳಿಗೆಲ್ಲ ಸಾಮಾನ್ಯವಾದ ಪಾಸಿಕ್ಸ್ ಮಾನದಂಡದಲ್ಲಿವೆ, ಮ್ಯಾಕ್‌ನಲ್ಲೂ ನಡೆಯುತ್ತವೆ. ಹಳೇ ಡಿಎಫ್ ಉದ್ದದ ಡಿವೈಸ್ ಹೆಸರು ಬಂದರೆ ಸಾಲನ್ನೇ ಎರಡಾಗಿ ಮುರಿಯುತ್ತಿತ್ತು, ಕಾಲಂ ಲೆಕ್ಕ ಕೆಡುತ್ತಿತ್ತು. ‘-ಪಿ’ ಇದ್ದರೆ ಒಂದು ಫೈಲ್‌ಸಿಸ್ಟಂಗೆ ಒಂದೇ ಸಾಲು. ಉಳಿದ ಜಾಗ ನಾಲ್ಕನೇ ಕಾಲಂ. ಸ್ಕ್ರಿಪ್ಟಿನಲ್ಲಿ ‘-ಎಚ್’ ಮಾತ್ರ ಬೇಡವೇ ಬೇಡ. ಅದು ಸಂಖ್ಯೆಗೆ ಜಿ, ಎಂ ಅಕ್ಷರ ಸೇರಿಸಿ ತೋರಿಸುತ್ತದೆ; ಕಣ್ಣಿಗೆ ಚೆಂದ, ಹೋಲಿಕೆಗೆ ಬಾರದು. ಇಂಟರ್ನೆಟ್ಟಿನಲ್ಲಿ ಸಿಗುವ ಒಂದೇ ಸಾಲಿನ ರೆಡಿಮೇಡ್ ಸ್ಕ್ರಿಪ್ಟುಗಳಲ್ಲಿ ಹಲವು ಸಲ ಇದೇ ಇರುತ್ತದೆ. ಕಾಪಿ ಮಾಡುವ ಮುನ್ನ ನೋಡಿ.

4. ಎಚ್ಚರಿಕೆಯ ಮಿತಿಯನ್ನು ಈಗ ಉಳಿದಿರುವ ಜಾಗಕ್ಕಿಂತ ಹೆಚ್ಚಿಗೆ ಇಟ್ಟು ಒಮ್ಮೆ ಓಡಿಸಿ. ಮೇಲ್ ಬಂತೆಂದರೆ ಮಿತಿಯನ್ನು ಮೊದಲಿನಂತೆ ಮಾಡಿ.