ಕಣ್ಣು ಮುಚ್ಚಿ ಕಂಡದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ

ಮನಸ್ಸಿನಲ್ಲಿ ಮೂಡಿದ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಗಮನ ಬೇಗ ಬೇರೆಡೆ ಜಾರುತ್ತದೆ. ಕಂಡದ್ದನ್ನು ಜೋರಾಗಿ ವರ್ಣಿಸುತ್ತ ಹೋದರೆ ಗಮನಕ್ಕೊಂದು ಕೆಲಸ ಸಿಗುತ್ತದೆ. ಇದರಿಂದ ಬುದ್ಧಿಮತ್ತೆಯೇ ಏರುತ್ತದೆ ಎನ್ನುವವರೂ ಇದ್ದಾರೆ. ಆ ಆಸೆ ಇಟ್ಟುಕೊಳ್ಳದೆ ಶುರುಮಾಡುವುದು ಒಳ್ಳೆಯದು.

ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳಿ. ಮಲಗಿದರೆ ನಿದ್ದೆ ಬರುತ್ತದೆ. ಎದುರಿಗೆ ಕೇಳುವವರು ಯಾರಾದರೂ ಇರಲಿ, ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಳ್ಳಿ. ಕೇಳುವ ಕಿವಿ ಇಲ್ಲದಿದ್ದರೆ ಮಾತು ಗೊಣಗಾಟಕ್ಕಿಳಿದು ಕೊನೆಗೆ ನಿಂತೇಹೋಗುತ್ತದೆ. ಮೊದಮೊದಲು 10 ನಿಮಿಷ ಸಾಕು.

ಚೆನ್ನಾಗಿ ಗೊತ್ತಿರುವ ಒಂದು ವಸ್ತುವಿನಿಂದ ಆರಂಭಿಸಿ. ‘ಸ್ಟೀಲ್ ಲೋಟ ಇದೆ’ ಎಂದರೆ ಹೆಸರು ಹೇಳಿದಂತಾಯಿತು, ಅಷ್ಟೆ. ‘ಅಂಚು ಹೊಳೆಯುತ್ತಿದೆ, ಎಡಗಡೆ ಬೆಳಕಿನ ಗೆರೆಯೊಂದು ಕೆಳಗಿನವರೆಗೆ ಇಳಿದಿದೆ, ತಳದ ಹತ್ತಿರ ಸಣ್ಣ ನೆಗ್ಗು, ಮುಟ್ಟಿದರೆ ತಣ್ಣಗಿದೆ’ ಎನ್ನುವಾಗ ಮಾತ್ರ ನಿಜಕ್ಕೂ ನೋಡುತ್ತಿದ್ದೀರಿ. ‘ಇತ್ತು’ ಬೇಡ, ‘ಇದೆ’ ಎನ್ನಿ. ಚಿತ್ರ ಮಸುಕಾದರೆ ಬಣ್ಣವನ್ನು ಬಿಟ್ಟು ಸ್ಪರ್ಶಕ್ಕೋ ಸದ್ದಿಗೋ ಹೋಗಿ. ಎಷ್ಟೋ ಸಲ ಅದರ ಬೆನ್ನಿಗೇ ಚಿತ್ರವೂ ಮರಳುತ್ತದೆ.

ಏನೂ ಕಾಣದಿದ್ದರೆ, ಬೆಳಕಿರುವ ಕಿಟಕಿಯ ಚೌಕಟ್ಟನ್ನು 20–30 ಸೆಕೆಂಡು ಕದಲದೆ ನೋಡಿ ಕಣ್ಣು ಮುಚ್ಚಿ. ಸೂರ್ಯನ ಕಡೆಗೆ ಮಾತ್ರ ನೋಡಲೇಬೇಡಿ. ರೆಪ್ಪೆಯ ಹಿಂದೆ ಉಳಿಯುವ ಅಚ್ಚಿನಲ್ಲಿ ಗಾಜು ಕಪ್ಪಾಗಿ, ಚೌಕಟ್ಟು ಬೆಳ್ಳಗೆ ಕಾಣಬಹುದು. ಅದು ಕರಗುವವರೆಗೆ ವರ್ಣಿಸಿ. ಕೆಲವರಿಗೆ ಮನಸ್ಸಿನ ಚಿತ್ರವೇ ಮೂಡುವುದಿಲ್ಲ. ನರವಿಜ್ಞಾನಿ ಆಡಮ್ ಜೀಮನ್ ಮತ್ತು ಸಂಗಡಿಗರು 2015ರಲ್ಲಿ ಇದಕ್ಕೆ ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಅಂಥವರು ಹಟ ಹಿಡಿದು ಫಲವಿಲ್ಲ; ವಸ್ತು ಎಲ್ಲಿದೆ, ಎಷ್ಟು ದೊಡ್ಡದು, ಕೈಗೆ ಹೇಗೆ ಸಿಗುತ್ತದೆ ಎಂಬುದನ್ನೇ ಹೇಳಬಹುದು.

ಹೆಚ್ಚಿನವರು ಎಡವುವುದು ನಾಲಿಗೆ ಚಿತ್ರಕ್ಕಿಂತ ಮುಂದೆ ಓಡಿದಾಗ. ಲೋಟ ಯಾರದು, ಅಲ್ಲಿಗೆ ಹೇಗೆ ಬಂತು ಎಂದು ಕತೆ ಹೊಸೆಯತೊಡಗಿದಿರಿ ಎಂದರೆ ನೋಡುವುದು ನಿಂತಿದೆ ಎಂದೇ ಅರ್ಥ. ಎರಡು ಮೂರು ಸೆಕೆಂಡು ಸುಮ್ಮನಾಗಿ, ಚಿತ್ರ ಬಂದ ಮೇಲೆ ಮಾತಾಡಿ. ರೆಕಾರ್ಡಿಂಗ್ ಕೇಳುವಾಗ ‘ಚೆನ್ನಾಗಿದೆ’, ‘ದೊಡ್ಡದಾಗಿದೆ’ ಎಂದಷ್ಟೇ ಹೇಳಿ ಮುಂದೆ ಹೋದ ಜಾಗಗಳನ್ನು ಗುರುತು ಮಾಡಿಕೊಂಡು, ಮರುದಿನ ಅಲ್ಲಿಂದಲೇ ಶುರುಮಾಡಿ. ಹೆದರಿಸುವ ಚಿತ್ರ ಬಂದರೆ ಕಣ್ಣು ತೆರೆದು ನಿಲ್ಲಿಸಿಬಿಡಿ.

ಒಮ್ಮೆ ಮಾತ್ರ ನೋಡಿದ, ಮುಂದೆ ಗುರುತು ಹಿಡಿಯಬೇಕಾದ ಮುಖವನ್ನು ಈ ಅಭ್ಯಾಸಕ್ಕೆ ಬಳಸಬೇಡಿ. ಮುಖವನ್ನು ಮಾತಿನಲ್ಲಿ ವರ್ಣಿಸಿದವರು ಆಮೇಲೆ ಅದನ್ನು ಗುರುತಿಸುವುದರಲ್ಲಿ ಹಿಂದೆ ಬಿದ್ದದ್ದು 1990ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡುಬಂದಿದೆ.