ಒಂದೇ ಕ್ಯಾನ್ ಆಂಟಿಫ್ರೀಜ್‌ನಲ್ಲಿ ಆರ್‌ವಿ ನೀರಿನ ಲೈನು ಚಳಿಗೆ ತಯಾರು

ಆರ್‌ವಿ ಅಂದರೆ ಮನೆಯಂತೆ ವಾಸಿಸಬಹುದಾದ ಗಾಡಿ. ಅದರ ಪೈಪಿನಲ್ಲಿ ಉಳಿದ ನೀರು ಚಳಿಗೆ ಹೆಪ್ಪುಗಟ್ಟಿ ಒಡೆಯದಂತೆ ಗಾಳಿ ಊದಿ ನೀರು ಹೊರಹಾಕಬಹುದು, ಇಲ್ಲವೇ ಹೆಪ್ಪುಗಟ್ಟದ ದ್ರವ, ಆಂಟಿಫ್ರೀಜ್, ತುಂಬಬಹುದು. ಗಾಳಿ ಊದಿದರೆ ಸಾಲದು, ಪಂಪ್ ಒಡೆಯುತ್ತೆ ಅಂತ ಎಲ್ಲರೂ ಹೇಳಿದರು. ಅರ್ಧ ನಿಜ. ಸಿಟಿ ಇನ್‌ಲೆಟ್‌ನಿಂದ (ಹೊರಗಿನ ನೀರಿನ ಹೋಸ್ ಜೋಡಿಸುವ ಬಾಯಿ) ಊದಿದ ಗಾಳಿ ಪಂಪಿನೊಳಗೆ ಹೋಗೋದೇ ಇಲ್ಲ, ಅದರ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ತಡೆಯುತ್ತೆ. ಹಾಗಾಗಿ ಲೈನಿಗೆಲ್ಲ ಗಾಳಿ, ಪಂಪಿಗೂ ಪಿ-ಟ್ರ್ಯಾಪಿಗೂ (ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪು) ಮಾತ್ರ ನೀರಿನ ಲೈನಿಗೆಂದೇ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಅಂತ ಹಂಚಿಬಿಟ್ಟೆ. ಮೊದಲು ಒಂದು ಗ್ಯಾಲನ್ನಿನ ಎರಡು-ಮೂರು ಕ್ಯಾನ್ ಖಾಲಿಯಾಗ್ತಿತ್ತು. ಈಗ ಒಂದರಲ್ಲೇ ಮುಗಿದು ತಳದಲ್ಲಿ ಸ್ವಲ್ಪ ಉಳಿಯುತ್ತೆ. ಕಟುಚಳಿ ಕಳೆದ ಮೇಲೆ ನೀರು ಹಾಯಿಸಿದರೆ ಒಂದು ಹನಿ ಸೋರಿಲ್ಲ. ನಂಬದವರು ಬಂದು ನೋಡಿಕೊಂಡು ಹೋದರು.

ನೀರಿನ ಹೀಟರ್ ಆರಿಸಿ, ತಣಿಸಿ, ಒತ್ತಡ ಬಿಡುವ ರಿಲೀಫ್ ವಾಲ್ವ್ ಎತ್ತಿ, ಪ್ಲಗ್ ಅಥವಾ ಆನೋಡ್ ರಾಡ್ (ತುಕ್ಕು ತಡೆಯುವ ಸರಳು) ಬಿಚ್ಚಿ ಖಾಲಿ ಮಾಡೋದು, ಹೀಟರನ್ನು ಬಿಟ್ಟು ಸಾಗುವ ಬೈಪಾಸ್ ತಿರುಗಿಸೋದು, ಫಿಲ್ಟರ್ ತೆಗೆಯೋದು ನಿಮಗೆ ಗೊತ್ತೇ ಇದೆ. ಬೈಪಾಸ್ ಮರೆತರೆ ಗುಲಾಬಿಯೆಲ್ಲ ಹೀಟರಿನ ಹೊಟ್ಟೆಗೆ ಹೋಗುತ್ತೆ. ದುಡ್ಡು ಪೋಲಾಗೋದು ಅಲ್ಲೇ.

ಗಾಳಿಯ ಒತ್ತಡ 35 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಮಾಪನವೇ) ಆಸುಪಾಸು, 40 ದಾಟಿಸಬೇಡಿ. ಒತ್ತಡಕ್ಕಿಂತ ಗಾಳಿಯ ಪ್ರಮಾಣ ಮುಖ್ಯ. ಟೈರ್ ತುಂಬುವ ಪುಟ್ಟ ಇನ್‌ಫ್ಲೇಟರ್‌ಗೆ ಟ್ಯಾಂಕ್ ಇರಲ್ಲ, ಗಾಳಿ ನೀರಿನ ಮೇಲೇ ಜಾರಿಹೋಗುತ್ತೆ, ನೀರು ತಗ್ಗಿನಲ್ಲೇ ಉಳಿಯುತ್ತೆ. ದೂರದ ನಲ್ಲಿಯಿಂದ ಶುರುಮಾಡಿ, ಬಿಸಿ-ತಣ್ಣೀರು ಬೇರೆ ಬೇರೆಯಾಗಿ, ತುಂತುರು ನಿಂತು ಒಣಗಾಳಿ ಬರೋವರೆಗೂ ಬಿಡಿ. ಹೊರಗಿನ ಶವರ್, ಟಾಯ್ಲೆಟ್ ಸ್ಪ್ರೇಯರ್ ಬಿಟ್ಟುಹೋಗೋದೇ ಹೆಚ್ಚು. ಆಮೇಲೆ ಕಾಲು ಗಂಟೆ ಸುಮ್ಮನಿರಿ. ಪೈಪಿನ ಒಳಗೋಡೆಗೆ ಅಂಟಿದ ನೀರು ತಗ್ಗಿಗೆ ಇಳಿದಿರುತ್ತೆ, ಎರಡನೇ ಸುತ್ತಲ್ಲಿ ಮತ್ತೆ ಬುಸ್ಸೆಂದು ಉಗುಳುತ್ತೆ. ಕೊನೆಗೆ ಲೋ-ಪಾಯಿಂಟ್ ಡ್ರೈನ್ (ಲೈನಿನ ತೀರಾ ತಗ್ಗಿನ ಹೊರದಾರಿ) ತೆರೆದು ಊದಿ. ನೀರು ಆ ಡ್ರೈನಿನತ್ತ ಇಳಿಯಲು ಗಾಡಿಯನ್ನು ಯಾವ ಮಗ್ಗುಲಿಗೆ ವಾಲಿಸಬೇಕು ಅನ್ನೋದು ನನ್ನ ಗುಟ್ಟು, ನಿಮ್ಮ ಗಾಡಿಯದ್ದು ನೀವೇ ಹುಡುಕಿಕೊಳ್ಳಿ. ಇನ್‌ಲೆಟ್‌ನ ಜಾಲರಿ ತೆಗೆದು ಒಳಗಿನ ವಾಲ್ವ್ ಒತ್ತಿದರೆ ಚಮಚೆಯಷ್ಟು ನೀರು ಚಿಮ್ಮುತ್ತೆ. ಚಳಿಗೆ ಸಿಕ್ಕಿದರೆ ಆ ವಾಲ್ವ್ ಸೀಳೋಕೆ ಅಷ್ಟೇ ಸಾಕು.

ಪಂಪಿನ ಸಕ್ಷನ್ (ನೀರು ಹೀರುವ) ಹೋಸ್ ಆಂಟಿಫ್ರೀಜ್ ಕ್ಯಾನಿಗಿಳಿಸಿ, ಹತ್ತಿರದ ನಲ್ಲಿಯಲ್ಲಿ ಗುಲಾಬಿ ಕಾಣೋವರೆಗೆ ಓಡಿಸಿ. ಪಂಪಿನ ಸ್ಟ್ರೇನರ್ (ಕಸ ಸೋಸುವ) ಬಟ್ಟಲು ಮೊದಲೇ ಬಿಚ್ಚಿ ಖಾಲಿ ಮಾಡಿ. ಪಿ-ಟ್ರ್ಯಾಪಿಗೆ ಒಂದು ಸಿಪ್ ಸಾಲದು, ಹಳೇ ನೀರನ್ನು ತಳ್ಳುವಷ್ಟು, ಒಂದೂವರೆ-ಎರಡು ಕಪ್ ಬೇಕು.

ಮಧ್ಯೆ ಒಂದು ಪ್ರಯೋಗ: ಶುದ್ಧ ಗುಲಾಬಿ ಒಂದು ಲೋಟ, ಅರ್ಧ ನೀರು ಬೆರೆಸಿದ್ದು ಇನ್ನೊಂದು, ಎರಡನ್ನೂ ಡೀಪ್ ಫ್ರೀಜರಿನಲ್ಲಿಟ್ಟೆ. ಮೊದಲನೆಯದು ಮಸುಕಾದ ಸ್ಲಶ್, ಚಮಚ ಆಡುತ್ತೆ, ಎರಡನೆಯದು ಗಟ್ಟಿ. ಕ್ಯಾನಿನ ಮೇಲಿನ -50 ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ ಸುಮಾರು -46. ಅದೂ ಪೈಪ್ ಒಡೆಯದಿರುವ ಮಿತಿ, ಹೆಪ್ಪುಗಟ್ಟುವುದು ಎಷ್ಟೋ ಮೊದಲೇ. ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ವಿಷ, ಅದು ಈ ಲೈನಿನ ಹತ್ತಿರಕ್ಕೂ ಬರಬಾರದು.

ಪೆಕ್ಸ್ (ಬಗ್ಗುವ ಪ್ಲಾಸ್ಟಿಕ್) ಪೈಪು ಸ್ವಲ್ಪ ಹಿಗ್ಗಿಕೊಳ್ಳುತ್ತೆ. ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಉಬ್ಬಿದಾಗ ಒಡೆಯೋದು ಎಲ್ಬೋ, ನಲ್ಲಿಯ ಕಾರ್ಟ್ರಿಜ್, ಟಾಯ್ಲೆಟ್ ವಾಲ್ವ್. ಬಿಡಿಭಾಗ ಅಗ್ಗ. ಟಾಯ್ಲೆಟ್ ಹಿಂದೆ ಸದ್ದಿಲ್ಲದೆ ಸೋರಿ ಕೊಳೆತ ನೆಲಹಾಸೇ ದುಬಾರಿ. ಹಾಗಾಗಿ ಮತ್ತೆ ನೀರು ಹಾಯಿಸುವ ದಿನ ಪಂಪ್ ಆನ್ ಮಾಡಿ, ಎಲ್ಲ ನಲ್ಲಿ ಮುಚ್ಚಿ, ಕಿವಿಗೊಡಿ. ಯಾರೂ ನಲ್ಲಿ ತೆರೆಯದೆ ಪಂಪ್ ತಾನಾಗಿ ಮತ್ತೆ ಗುರ್ರೆಂದರೆ ಟಾಯ್ಲೆಟ್ ಹಿಂಭಾಗಕ್ಕೆ ಮೊದಲು ಕೈ ಹಾಕಿ.