ಸವಳು ಹೊಲದಲ್ಲಿ ಕಡಲೆಯ ಬೇರನ್ನು ಅಗೆದು ನೋಡಿದಾಗ

ನರಗುಂದ ತಾಲ್ಲೂಕಿನ ನಮ್ಮ ಎರೆಹೊಲದ ಕೆಳಮೂಲೆಯು ಮಲಪ್ರಭಾ ಕಾಲುವೆಯ ನೀರು ಉಣ್ಣತೊಡಗಿದ ಮೇಲೆ ವರ್ಷದಿಂದ ವರ್ಷಕ್ಕೆ ಉಪ್ಪೇರಿ ಸವಳಾಗುತ್ತ ಬಂದಿತ್ತು. ಬೇಸಿಗೆಯಲ್ಲಿ ಅಲ್ಲಿನ ಹೆಂಟೆಗಳ ಮೇಲೆ ಸುಣ್ಣ ಬಳಿದಂತೆ ಬಿಳುಪು ಕಾಣುತ್ತಿತ್ತು. ಹಿಂಗಾರಿ ಕಡಲೆ ಆ ಮೂಲೆಯಲ್ಲಿ ಮಾತ್ರ ಹಳದಿಗಟ್ಟುವುದನ್ನು ಕಂಡು ನಾನು ಒಂದು ವರ್ಷ ಯೂರಿಯಾ ಎರಚಿದೆ, ಮರುವರ್ಷ ಬೀಜಕ್ಕೆ ಹಚ್ಚುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಪೊಟ್ಟಣಗಳನ್ನು ಇಮ್ಮಡಿ ಮಾಡಿದೆ. ಎರಡೂ ದಂಡವಾದವು.

ಮೂರನೆಯ ವರ್ಷ, ಬಿತ್ತಿದ 40ನೇ ದಿನದ ಸುಮಾರಿಗೆ, ಹೂ ಬಿಡುವ ಮೊದಲು, ಮೇಲ್ಭಾಗದಿಂದ 10 ಮತ್ತು ಕೆಳಮೂಲೆಯಿಂದ 10 ಗಿಡಗಳನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಮಣ್ಣು ತಾನಾಗಿ ಕಳಚಿದ ಮೇಲೆ ಬೇರುಗಳನ್ನು ನೋಡಿದೆ. ಗಿಡವನ್ನು ಕೈಯಿಂದ ಕಿತ್ತರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಹಿಂದೆ ಹಾಗೆ ಕಿತ್ತು ನೋಡಿಯೇ ನಾನು ಮೋಸಹೋಗಿದ್ದೆ. ಮೇಲ್ಭಾಗದ ಗಿಡಗಳ ತಾಯಿಬೇರಿಗೆ ಹವಳದಂತೆ ಕವಲೊಡೆದ ದಪ್ಪ ಗಂಟುಗಳು ಅಂಟಿಕೊಂಡಿದ್ದವು. ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು, ಉಗುರಿಗೂ ಆ ಬಣ್ಣ ಹತ್ತಿತು. ಕೆಳಮೂಲೆಯ ಗಿಡಗಳಲ್ಲಿ ಸಾಸಿವೆಯಷ್ಟು ದಪ್ಪದ ಮೂರೋ ನಾಲ್ಕೋ ಗಂಟುಗಳು. ಒಳಗೆ ಬಿಳಿ, ಕೆಲವು ಹಸಿರು.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ, ಆಮ್ಲಜನಕ ಹಿಡಿದಿಡುವ ಪ್ರೋಟೀನಿನದು. ಮುಕ್ತ ಆಮ್ಲಜನಕ ತಗುಲಿದರೆ ಸಾರಜನಕ ಸ್ಥಿರೀಕರಿಸುವ ನೈಟ್ರೋಜಿನೇಸ್ ಕಿಣ್ವ ಕೆಡುವುದರಿಂದ, ಗಂಟಿನೊಳಗಿನ ಬ್ಯಾಕ್ಟೀರಿಯಾಗಳ ಉಸಿರಾಟಕ್ಕೆ ಬೇಕಾದಷ್ಟನ್ನೇ ಅದು ಹಿಡಿದು ಒದಗಿಸುತ್ತದೆ. ಗಂಟು ಬಿಳಿಯಾಗಿದ್ದರೆ ಅಲ್ಲಿ ಕೆಲಸ ನಡೆದಿಲ್ಲ ಎಂದೇ ತಿಳಿಯಬೇಕು. ಉಪ್ಪು ಹೆಚ್ಚಾದಾಗ ಬೇರುಗೂದಲು ಸರಿಯಾಗಿ ಸುರುಳಿಗೊಳ್ಳದೆ ಬ್ಯಾಕ್ಟೀರಿಯಾ ಒಳಹೊಗುವುದೇ ಕಡಿಮೆಯಾಗುತ್ತದೆ, ಹೇಗೋ ಮೂಡಿದ ಗಂಟಿಗೂ ಸೊರಗಿದ ಎಲೆಗಳಿಂದ ಸಕ್ಕರೆ ಸಾಕಷ್ಟು ಇಳಿಯುವುದಿಲ್ಲ. ಸಾಮಾನ್ಯವಾಗಿ ರೈಜೋಬಿಯಂ ಕಡಲೆಗಿಂತ ಹೆಚ್ಚು ಉಪ್ಪನ್ನು ತಾಳಿಕೊಳ್ಳುತ್ತದೆ. ಸೋತದ್ದು ಗಿಡ, ಆದ್ದರಿಂದಲೇ ನನ್ನ ಹೆಚ್ಚುವರಿ ಪೊಟ್ಟಣಗಳು ಫಲ ಕೊಡಲಿಲ್ಲ. ಯೂರಿಯಾ ಅಂತೂ ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿಸಿ, ಇದ್ದ ಗಂಟುಗಳನ್ನೂ ಹತ್ತಿಕ್ಕಿರಬೇಕು.

ಜಿಪ್ಸಂ ಹಾಕಿ ಎಂದು ಹೇಳಿದವರಿದ್ದರು. ಮಣ್ಣು ಪರೀಕ್ಷೆಯಲ್ಲಿ ಲವಣಾಂಶ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೂ ರಸಸಾರ (pH) 8.5ಕ್ಕಿಂತ ಕೆಳಗಿತ್ತು, ಸೋಡಿಯಂ ಪ್ರಮಾಣವೂ ಮಿತಿಯೊಳಗಿತ್ತು. ಜಿಪ್ಸಂ ಸೋಡಿಯಂ ಹೆಚ್ಚಿದ ಕ್ಷಾರ ಭೂಮಿಯ ಮದ್ದು, ನಮ್ಮದಕ್ಕೆ ಬೇಕಾಗಿದ್ದುದು ಉಪ್ಪು ತೊಳೆದುಹೋಗುವ ದಾರಿ. ಕೆಳಬದುವಿನ ಗುಂಟ ಹಳ್ಳದವರೆಗೆ ಬಸಿಗಾಲುವೆ ತೋಡಿಸಿ, ಒಂದು ಮುಂಗಾರಿ ಬೆಳೆಯನ್ನೇ ಬಿಟ್ಟು, ಮಳೆನೀರನ್ನು ಸಣ್ಣ ಮಡಿಗಳಲ್ಲಿ ನಿಲ್ಲಿಸಿ ಇಂಗಿಸಿದೆ. ಎರೆಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡದು. ಮೊದಲ ವರ್ಷ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮೇಲ್ಭಾಗಕ್ಕೆ ಹಾಯಿಸುವ ಕಾಲುವೆ ನೀರನ್ನೂ ಕಡಿಮೆ ಮಾಡಿದ ಮೇಲೆ, ಎರಡನೆಯ ಹಿಂಗಾರಿಯಲ್ಲಿ ಅಗೆದ ಗಿಡಗಳಲ್ಲಿ ಎಂಟು ಹತ್ತು ಗಂಟುಗಳಿದ್ದವು, ಹೆಚ್ಚಿನವು ಒಳಗೆ ಕೆಂಪಾಗಿದ್ದವು. ಬದುವಿಗೆ ತಾಗಿದ ನಾಲ್ಕು ಸಾಲುಗಳಲ್ಲಿ ಮಾತ್ರ ಈಗಲೂ ಬಿಳಿಗಂಟೇ ಸಿಗುವುದರಿಂದ ಅಲ್ಲಿ ಕಡಲೆ ಬಿಟ್ಟು ಕುಸುಬೆ ಬಿತ್ತುತ್ತಿದ್ದೇನೆ.